ವಿದ್ಯುನ್ಮಾನ ಸಂಗೀತದ ಉಗಮ ಮತ್ತು ಬೆಂಗಳೂರಿನ ಶ್ರುತಿಯಂತ್ರ: ಒಂದು ವಿಮರ್ಶಾತ್ಮಕ ಅವಲೋಕನ

ವಿದ್ಯುನ್ಮಾನ ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೆಲವು ನಿಶ್ಚಿತ ಘಟ್ಟಗಳನ್ನು ಹೆಸರಿಸುತ್ತಾರೆ. ಅಮೆರಿಕದ ಥ್ಯಾಡಿಯಸ್ ಕಾಹಿಲ್ 1897ರಲ್ಲಿ ಹಕ್ಕುಪತ್ರ ಪಡೆದ ಟೆಲ್‌ಹಾರ್ಮೋನಿಯಂ, ರಷ್ಯದ ಲಿಯೋನ್ ಥೆರೆಮಿನ್ 1920ರ ಸುಮಾರಿಗೆ ರೂಪಿಸಿದ ಕೈಸೋಕದೆ ನುಡಿಸುವ ವಾದ್ಯ, ಪಿಯೆರ್ ಶೆಫರ್ 1948ರಲ್ಲಿ ಪ್ಯಾರಿಸ್ಸಿನಲ್ಲಿ ಧ್ವನಿಮುದ್ರಿತ ಶಬ್ದಗಳನ್ನೇ ಜೋಡಿಸಿ ಮಾಡಿದ ರಚನೆಗಳು, 1951ರಲ್ಲಿ ಆರಂಭವಾದ ಜರ್ಮನಿಯ ಕಲೋನ್ ಬಾನುಲಿಯ ಪ್ರಯೋಗಶಾಲೆ, 1960ರ ದಶಕದಲ್ಲಿ ರಾಬರ್ಟ್ ಮೂಗ್ ನಿರ್ಮಿಸಿದ ಸಿಂಥಸೈಜರ್ – ಇವು ಆ ಘಟ್ಟಗಳು. ಈ ಪಟ್ಟಿಯಲ್ಲಿ ಕರ್ನಾಟಕದ ಹೆಸರಿಲ್ಲ. ವಿದ್ಯುತ್ತಿನಿಂದ ಹೊಸ ಧ್ವನಿಯನ್ನು ಹುಡುಕಿದ ಪ್ರಯತ್ನಗಳನ್ನಷ್ಟೇ ಚರಿತ್ರೆ ಲೆಕ್ಕಕ್ಕೆ ತೆಗೆದುಕೊಂಡಿರುವುದು ಇದಕ್ಕೆ ಕಾರಣ. ಹಳೆಯ ಧ್ವನಿಯೊಂದನ್ನು ವಿದ್ಯುತ್ತಿನಿಂದ ಉಳಿಸಿಕೊಳ್ಳಲು ನಡೆದ ಪ್ರಯತ್ನವೂ ಈ ಚರಿತ್ರೆಯ ಭಾಗವೆಂದು ಒಪ್ಪಿದರೆ ಬೆಂಗಳೂರಿಗೆ ಅಲ್ಲಿ ಮುಖ್ಯವಾದ ಸ್ಥಾನವೇ ದೊರೆಯುತ್ತದೆ. ಇಂದು ಸಾವಿರಾರು ಮನೆಗಳಲ್ಲಿ ಬೆಳಗಿನ ಸಾಧಕಕ್ಕೆ ಆಧಾರವಾಗಿರುವ ವಿದ್ಯುನ್ಮಾನ ತಂಬೂರಿ ಈ ಊರಿನಲ್ಲಿ ರೂಪುಗೊಂಡ ವಾದ್ಯ. ಆದರೆ ಅದನ್ನು ವಾದ್ಯವೆಂದು ಪರಿಗಣಿಸಿ ವಿಮರ್ಶೆಗೆ ಒಳಪಡಿಸಿದ್ದು ಕಡಿಮೆ. ಆ ಕೊರತೆಯನ್ನು ಗಮನದಲ್ಲಿಟ್ಟು ಇಲ್ಲಿ ಅದರ ಹಿನ್ನೆಲೆ, ಸಾಧನೆ ಹಾಗೂ ಮಿತಿಗಳನ್ನು ಪರಿಶೀಲಿಸಲಾಗಿದೆ.

ತಂಬೂರಿಯ ನಾದ: ವೈಜ್ಞಾನಿಕ ಹಿನ್ನೆಲೆ

ಶ್ರುತಿ ತಾಯಿ, ಲಯ ತಂದೆ ಎಂಬ ಮಾತು ನಮ್ಮ ಸಂಗೀತವಲಯದಲ್ಲಿ ಚಿರಪರಿಚಿತ. ಈ ಶ್ರುತಿಯನ್ನು ಹೊತ್ತು ನಿಲ್ಲುವ ತಂಬೂರಿಯು ನೋಟಕ್ಕೆ ಸರಳವಾದ ವಾದ್ಯ. ನಾಲ್ಕು ತಂತಿಗಳು, ಅಗಲವಾದ ಕುದುರೆ, ಕುದುರೆಗೂ ತಂತಿಗೂ ನಡುವೆ ಜೀವಾಳಿಯ ದಾರ. ಆದರೆ ಅದರ ನಾದ ಸರಳವಲ್ಲ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವು ನಿಶ್ಚಲಸ್ಥಾನವಾಗಿರುವ ಉಪಸ್ವರಗಳು ಕೇಳಿಸಬಾರದೆಂಬುದು ತಂತಿವಾದ್ಯಗಳ ಸಾಮಾನ್ಯ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಈ ನಿಯಮ ಮುರಿಯುತ್ತದೆಂದೂ, ಅದಕ್ಕೆ ಬಾಗಿದ ಮೈಯುಳ್ಳ ಕುದುರೆಯೇ ಕಾರಣವೆಂದೂ ಸಿ.ವಿ. ರಾಮನ್ ಅವರು 1921ರ ಪ್ರಬಂಧದಲ್ಲಿ ವಿವರಿಸಿದರು. ಕಂಪಿಸುವ ತಂತಿಯು ಕುದುರೆಯ ಮೇಲ್ಮೈಯನ್ನು ಮತ್ತೆಮತ್ತೆ ಸವರುವುದರಿಂದ ಉಪಸ್ವರಗಳು ಪುನಃ ಹುಟ್ಟುತ್ತವೆ. ಅವು ಒಂದೇ ಬಾರಿಗೆ ಕೇಳಿಸದೆ, ಒಂದರ ಹಿಂದೊಂದು ಅರಳಿ ಅಡಗುತ್ತವೆ. ಮಂದ್ರ ಷಡ್ಜದ ತಂತಿಯ ಐದನೆಯ ಉಪಸ್ವರವಾಗಿ ಅಂತರ ಗಾಂಧಾರವು ತಾನಾಗಿಯೇ ಕೇಳಿಬರುವುದನ್ನು ಸಾಧಕರೆಲ್ಲರೂ ಬಲ್ಲರು. ಯಾರೂ ನುಡಿಸದ ಸ್ವರವೊಂದು ಕಿವಿಗೆ ಬೀಳುವ ಈ ಅನುಭವವೇ ತಂಬೂರಿಯ ಜೀವ.

ಆ ಪ್ರಬಂಧ ಪ್ರಕಟವಾದಾಗ ರಾಮನ್ ಕೋಲ್ಕತ್ತದಲ್ಲಿದ್ದರು. 1933ರಲ್ಲಿ ಅವರು ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮರುವರ್ಷ ಅವರೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಭಾರತೀಯ ಚರ್ಮವಾದ್ಯಗಳನ್ನು ಕುರಿತ ಅವರ ಪ್ರಬಂಧ ಬೆಳಕು ಕಂಡಿತು. ಮೃದಂಗದ ಕರಣೆಯು ಚರ್ಮದ ಒರಟು ಶಬ್ದವನ್ನು ಸ್ವರವಾಗಿಸುವ ಬಗೆ ಅದರ ವಿಷಯ. 1948ರಲ್ಲಿ ಹೆಬ್ಬಾಳದ ದಾರಿಯ ಮೇಖ್ರಿ ವೃತ್ತದ ಸಮೀಪ ರಾಮನ್ ಸಂಶೋಧನಾ ಸಂಸ್ಥೆ ಆರಂಭವಾಯಿತು. ಹೀಗೆ ನಮ್ಮ ವಾದ್ಯಗಳ ನಾದವನ್ನು ಭೌತವಿಜ್ಞಾನದ ಪ್ರಶ್ನೆಯಾಗಿ ಕಂಡ ಪರಂಪರೆಯೊಂದು ಉತ್ತರ ಬೆಂಗಳೂರಿನಲ್ಲಿ ನೆಲೆಗೊಂಡಿತು. ಇದೇ ಭಾಗದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1960ರ ದಶಕದ ಆರಂಭದಲ್ಲಿ ಕವಾಟ ಮತ್ತು ಟ್ರಾನ್ಸಿಸ್ಟರುಗಳ ತಯಾರಿಕೆಯನ್ನು ಕೈಗೊಂಡಿತು. ಈ ಸಂಸ್ಥೆಗಳಿಗೂ ಶ್ರುತಿಯಂತ್ರಕ್ಕೂ ನೇರವಾದ ನಂಟನ್ನು ಕಲ್ಪಿಸುವುದು ಸಲ್ಲದು. ಆದರೆ ಹಗಲು ವಿದ್ಯುನ್ಮಂಡಲಗಳೊಡನೆ, ಸಂಜೆ ಸಂಗೀತದೊಡನೆ ಬಾಳುವ ಜನವರ್ಗವೊಂದು ನಗರದಲ್ಲಿ ಬೆಳೆಯಲು ಇಂತಹ ವಾತಾವರಣ ನೆರವಾಯಿತೆಂಬುದು ಗಮನಾರ್ಹ.

ಯಂತ್ರದ ಆಗಮನ

ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು ಬೆಂಗಳೂರಿನಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿ, 1979ರಲ್ಲಿ ರೇಡೆಲ್ ಸಂಸ್ಥೆಯ ಮೂಲಕ ಬಳಕೆಗೆ ತಂದರು. ಅದಕ್ಕೂ ಮೊದಲು ತಂಬೂರಿಗೆ ಪರ್ಯಾಯವಾಗಿ ತಿದಿಯೊತ್ತಿ ನುಡಿಸುವ ಶ್ರುತಿಪೆಟ್ಟಿಗೆ ಬಳಕೆಯಲ್ಲಿತ್ತು. ಅದರ ನಾದ ಅಖಂಡವಾದುದು, ಆದರೆ ಮೀಟಿನ ಸೊಗಸಿಲ್ಲದುದು. ಹೊಸ ಯಂತ್ರವಾದರೋ ಪಂಚಮ, ಸಾರಣೆ, ಅನುಸಾರಣೆ, ಮಂದ್ರಗಳ ಮೀಟನ್ನು ಅನುಕ್ರಮವಾಗಿ ಅನುಕರಿಸಿತು. ಆಂದೋಲಕವು ಹುಟ್ಟಿಸಿದ ಸ್ವರವನ್ನು ತಟ್ಟನೆ ಏರಿಸಿ ಮೆಲ್ಲನೆ ಇಳಿಸಿ ಮೀಟಿನ ಭಾವನೆಯನ್ನು ಮೂಡಿಸುವುದು ಇಂತಹ ಯಂತ್ರಗಳ ಮೂಲತತ್ತ್ವ. ಶ್ರುತಿಯನ್ನು ಏರಿಳಿಸಲು ಒಂದು ತಿರುಗುಗುಂಡಿ, ಮೀಟಿನ ವೇಗಕ್ಕೆ ಮತ್ತೊಂದು, ಧ್ವನಿಯ ಪ್ರಮಾಣಕ್ಕೆ ಇನ್ನೊಂದು. ಮುಂದೆ ಅಂಕೀಯ ತಂತ್ರಜ್ಞಾನ ಬಂದ ಮೇಲೆ ನಿಜವಾದ ತಂಬೂರಿಯ ಧ್ವನಿಮಾದರಿಗಳನ್ನೇ ಸ್ಮೃತಿಕೋಶದಲ್ಲಿರಿಸಿ ನುಡಿಸುವ ಪದ್ಧತಿ ಬೆಳೆಯಿತು. ಈಗ ಅದೇ ನಾದ ಮೊಬೈಲ್ ದೂರವಾಣಿಯಲ್ಲಿಯೂ ದೊರೆಯುತ್ತದೆ.

ಈ ಯಂತ್ರದ ಒಂದು ಗುಣವನ್ನು ವಿಶೇಷವಾಗಿ ಹೇಳಬೇಕು. ಪಾಶ್ಚಾತ್ಯ ಕೀಬೋರ್ಡು ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಒಡೆಯುತ್ತದೆ. ಅದರ ಒಂದು ಮನೆಯ ಅಂತರವನ್ನು ನೂರು ಭಾಗ ಮಾಡಿದರೆ, ಅದರ ಗಾಂಧಾರವು ಸಹಜ ಅಂತರ ಗಾಂಧಾರಕ್ಕಿಂತ ಸುಮಾರು 14 ಭಾಗದಷ್ಟು ಮೇಲಿರುತ್ತದೆ. ಶ್ರುತಿಯಂತ್ರದಲ್ಲಾದರೋ ಆಧಾರ ಷಡ್ಜವನ್ನು ಗಾಯಕನ ಶಾರೀರಕ್ಕೆ ಒಗ್ಗುವಂತೆ, ಎರಡು ಮನೆಗಳ ನಡುವೆಯೂ ನಿಲ್ಲಿಸಬಹುದು. ಯಂತ್ರವು ಸಂಗೀತಕ್ಕೆ ಹೊಂದಿಕೊಳ್ಳಬೇಕೇ ಹೊರತು ಸಂಗೀತವು ಯಂತ್ರಕ್ಕಲ್ಲ ಎಂಬ ವಿವೇಕ ಇಲ್ಲಿದೆ.

ಲಾಭ ಮತ್ತು ನಷ್ಟ

ಯಂತ್ರದಿಂದಾದ ಉಪಕಾರ ಅಲ್ಪವಲ್ಲ. ತಂಬೂರಿ ಕೊಳ್ಳಲಾಗದ ವಿದ್ಯಾರ್ಥಿ, ಮನೆಗೆಲಸದ ನಡುವೆ ಅರ್ಧಗಂಟೆ ಬಿಡುವು ಮಾಡಿಕೊಳ್ಳುವ ಗೃಹಿಣಿ, ದೂರದೇಶದಲ್ಲಿ ಮಗುವಿಗೆ ಸರಳೆ ಹೇಳಿಕೊಡುವ ತಾಯಿ – ಇವರೆಲ್ಲರಿಗೂ ಅದು ಶ್ರುತಿಯನ್ನು ಸುಲಭವಾಗಿಸಿತು. ಹವೆಯ ತೇವಕ್ಕೂ ಸಭಾಂಗಣದ ಶೀತಕ್ಕೂ ತಂತಿ ಸಡಿಲುವ ಚಿಂತೆ ತಪ್ಪಿತು.

ನಷ್ಟವನ್ನು ಎರಡು ನೆಲೆಗಳಲ್ಲಿ ಗುರುತಿಸಬಹುದು. ಮೊದಲನೆಯದು ನಾದದ್ದು. ತಂಬೂರಿಯ ಯಾವ ಎರಡು ಮೀಟುಗಳೂ ಒಂದೇ ಬಗೆಯಾಗಿರುವುದಿಲ್ಲ. ಬೆರಳಿನ ಒತ್ತಡ, ಹಿಂದಿನ ಮೀಟಿನ ಉಳಿಕೆ, ಬುರುಡೆಯ ಅನುರಣನಗಳಿಂದ ಪ್ರತಿ ಆವರ್ತನೆಯೂ ತುಸು ಬೇರೆಯಾಗುತ್ತದೆ. ಯಂತ್ರ ತನ್ನನ್ನೇ ಪುನರಾವರ್ತಿಸುತ್ತದೆ. ಮಾದರಿಗಳನ್ನು ಬಳಸುವ ಯಂತ್ರವೂ ಒಮ್ಮೆ ಘಟಿಸಿದ ನಾದವನ್ನು ಮರಳಿ ಒಪ್ಪಿಸುತ್ತದೆಯೇ ವಿನಾ ಹೊಸತನ್ನು ಘಟಿಸಗೊಡುವುದಿಲ್ಲ. ಎರಡನೆಯ ನಷ್ಟ ಶಿಕ್ಷಣದ್ದು. ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುವುದು ಶಿಷ್ಯನಿಗೆ ಸೇವೆಯಷ್ಟೇ ಆಗಿರಲಿಲ್ಲ, ಅದು ಪಾಠವೂ ಆಗಿತ್ತು. ಮೂರು ತಾಸು ಶ್ರುತಿಯೊಳಗೆ ಕುಳಿತು ಗುರುವಿನ ಒಂದೊಂದು ಸ್ವರವೂ ಶ್ರುತಿಯನ್ನು ಹೇಗೆ ಮುಟ್ಟಿತೆಂದು ಆಲಿಸುವ ಅವಕಾಶ ಅದರಿಂದ ದೊರೆಯುತ್ತಿತ್ತು. ಅನೇಕ ವೇದಿಕೆಗಳಲ್ಲಿ ಈಗ ಆ ಜಾಗದಲ್ಲಿ ಪುಟ್ಟ ಪೆಟ್ಟಿಗೆಯಿದೆ. ಶ್ರುತಿ ಮಾಡುವ ವಿದ್ಯೆಯೇ, ಅಂದರೆ ಕಿವಿಯಿಂದ ತಂತಿಯನ್ನು ಹದಕ್ಕೆ ತರುವ ವಿದ್ಯೆಯೇ, ಪಾಠಕ್ರಮದ ಅಂಚಿಗೆ ಸರಿದಿದೆ.

ಇಲ್ಲಿ ಜನಪದ ಪರಂಪರೆಯೊಡನೆ ಹೋಲಿಕೆ ಉಪಯುಕ್ತ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು, ತತ್ತ್ವಪದಕಾರರು ತಂಬೂರಿಯನ್ನು ತಾವೇ ಹಿಡಿದು ಹಾಡುತ್ತಾರೆ. ಅಲ್ಲಿ ತಂಬೂರಿಯು ಶ್ರುತಿಯೂ ಹೌದು, ಲಯವೂ ಹೌದು, ಹಾಡುಗಾರನ ದೀಕ್ಷೆಯ ಗುರುತೂ ಹೌದು. ಆದ್ದರಿಂದ ಅದರ ಕೆಲಸವನ್ನು ಯಂತ್ರ ಸುಲಭವಾಗಿ ವಹಿಸಿಕೊಳ್ಳಲಾರದು. ಶಾಸ್ತ್ರೀಯ ಕಚೇರಿಯಲ್ಲಿ ತಂಬೂರಿ ಇನ್ನೊಬ್ಬರ ಕೈಗೆ ಸಂದು, ಹೆಸರಿಲ್ಲದ ಹಿನ್ನೆಲೆಯಾಗಿದ್ದುದರಿಂದಲೇ ಯಂತ್ರಕ್ಕೆ ಜಾಗ ಮೊದಲೇ ತೆರವಾಗಿತ್ತು ಎನ್ನಬಹುದು. ಹಾಗಾಗಿ ದೋಷವನ್ನು ಯಂತ್ರದ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಇತರೆಡೆಯ ಪ್ರಯೋಗಗಳು

ಇದೇ ಆಧಾರನಾದವನ್ನು ಬೇರೊಂದು ದಿಕ್ಕಿನಲ್ಲಿ ಒಯ್ದವರೂ ಉಂಟು. ನ್ಯೂಯಾರ್ಕಿನ ಲಾ ಮಾಂಟ್ ಯಂಗ್ ಅವರು 1960ರ ದಶಕದಲ್ಲಿಯೇ ಆಂದೋಲಕಗಳ ಶುದ್ಧ ತರಂಗಗಳನ್ನು ದೀರ್ಘಕಾಲ ನಿಲ್ಲಿಸಿ, ಶ್ರುತಿಯೇ ಕೃತಿಯಾಗುವ ರಚನೆಗಳನ್ನು ಮಾಡಿದರು. 1970ರಲ್ಲಿ ಅವರು ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಂದಾಗಿ ಧಾರವಾಡ ಸೀಮೆಯಲ್ಲಿ ಬೇರೂರಿದ ಘರಾಣೆಯೂ ಇದೇ. ಒಂದೇ ಘರಾಣೆಯ ಸ್ವರನಿಷ್ಠೆ ಕರ್ನಾಟಕದಲ್ಲಿ ಖಯಾಲನ್ನು ಬೆಳೆಸಿತು. ಅಮೆರಿಕದ ನವ್ಯ ಸಂಗೀತಕ್ಕೆ ತಂಬೂರಿಯನ್ನು ಆಲಿಸುವ ಶಿಸ್ತನ್ನು ಕಲಿಸಿತು. ಅಲ್ಲಿ ವಿದ್ಯುತ್ತು ಶ್ರುತಿಯನ್ನು ಮುನ್ನೆಲೆಗೆ ತಂದರೆ, ಬೆಂಗಳೂರಿನಲ್ಲಿ ಅದು ಶ್ರುತಿಯನ್ನು ಯಾರೂ ಗಮನಿಸಬೇಕಿಲ್ಲದ ಹಿನ್ನೆಲೆಯಾಗಿ ಭದ್ರಪಡಿಸಿತು. ಎರಡರ ನಡುವಿನ ಈ ಅಂತರವು ತಂತ್ರಜ್ಞಾನದ್ದಲ್ಲ, ಆಲಿಕೆಯದು.

ಭಾರತದಲ್ಲಿಯೂ ಹೊಸ ಧ್ವನಿಯ ಹುಡುಕಾಟ ನಡೆದಿತ್ತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರನ್ನು ಅಳವಡಿಸಿದರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನ್‌ರಾಜ್ ಜೋಶಿಪುರ ಅಲ್ಲಿ ರಚನೆಗಳನ್ನು ಮಾಡಿದರು. ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಉಳಿದಿದ್ದ ಆ ಸುರುಳಿಗಳು ಪಾಲ್ ಪರ್ಗಾಸ್ ಅವರ ಪ್ರಯತ್ನದಿಂದ 2023ರಲ್ಲಿ ಪ್ರಕಟವಾದವು. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ರೋಲ್ಯಾಂಡ್ ಯಂತ್ರಗಳಲ್ಲಿ ನುಡಿಸಿದ ಧ್ವನಿಮುದ್ರಿಕೆಯೂ 2010ರ ಮರುಮುದ್ರಣದ ಬಳಿಕವೇ ಜಗತ್ತಿನ ಗಮನ ಸೆಳೆಯಿತು. ಷಿಕಾಗೋ ನಗರದ ‘ಆಸಿಡ್’ ನೃತ್ಯಸಂಗೀತಕ್ಕಿಂತ ಅದು ಮುಂಚಿನದೆಂಬುದು ಆಗ ಚರ್ಚೆಗೆ ಬಂದಿತು. ಇವೆರಡೂ ಪ್ರಸಂಗಗಳು ಹೇಳುವುದು ಒಂದೇ: ಸಂಗ್ರಹಿಸದ ಧ್ವನಿಗೆ ಚರಿತ್ರೆಯಿಲ್ಲ. ‘ಪ್ರೇಮಲೋಕ’ದ (1987) ಹಂಸಲೇಖರಿಂದ ಮೊದಲ್ಗೊಂಡು ಕನ್ನಡ ಚಿತ್ರಸಂಗೀತದಲ್ಲಿ ಕೀಬೋರ್ಡು ಪಡೆದ ಸ್ಥಾನ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ವಿಷಯ.

ಆಲಿಕೆಗೆ ಕೆಲವು ಸೂಚನೆಗಳು

ಈ ವಿಷಯದ ಅಧ್ಯಯನವು ಓದಿಗಿಂತ ಆಲಿಕೆಯನ್ನು ಬೇಡುತ್ತದೆ. ಮೊದಲಿಗೆ, ಯಂಗ್ ಮತ್ತು ಮರಿಯನ್ ಜಝೀಲಾ 1999ರಲ್ಲಿ ಹೊರತಂದ ‘ದಿ ತಂಬೂರಾಸ್ ಆಫ್ ಪಂಡಿತ್ ಪ್ರಾಣ್ ನಾಥ್’ ಕೇಳಬೇಕು. ಅದರಲ್ಲಿ ಹಾಡಿಲ್ಲ, ತಂಬೂರಿಯ ನಾದ ಮಾತ್ರವಿದೆ. ಗಾಂಧಾರವು ತಾನಾಗಿ ಮೂಡುವುದನ್ನು ಗುರುತಿಸಲು ಅದು ನೆರವಾಗುತ್ತದೆ. ಅನಂತರ ಗಂಗೂಬಾಯಿ ಹಾನಗಲ್ ಅವರ ಯಾವುದಾದರೂ ವಿಲಂಬಿತ ಖಯಾಲಿನಲ್ಲಿ ಕಂಠವನ್ನು ಬಿಟ್ಟು ಅದರ ಹಿಂದಿನ ತಂಬೂರಿಯನ್ನೇ ಅನುಸರಿಸಬಹುದು. ಮೂರನೆಯದಾಗಿ, ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸನ್ ಕಲೋನಿನಲ್ಲಿ ರಚಿಸಿದ ‘ಸ್ಟುಡೀ II’ (1954). ಉಪಸ್ವರಗಳನ್ನು ಮಾನವನೇ ಒಂದೊಂದಾಗಿ ಜೋಡಿಸಿದಾಗ ಆಗುವ ನಾದವೇನೆಂಬುದು ಅಲ್ಲಿ ತಿಳಿಯುತ್ತದೆ. ನಾಲ್ಕನೆಯದು ಅಹಮದಾಬಾದಿನ ಸುರುಳಿಗಳು. ಐದನೆಯದು ಚರಣ್‌ಜಿತ್ ಸಿಂಗರ ರಾಗಗಳು. ಕಡೆಯಲ್ಲಿ ಒಂದೇ ಶ್ರುತಿಗೆ ಹದಗೊಳಿಸಿದ ತಂಬೂರಿಯನ್ನೂ ಯಂತ್ರವನ್ನೂ ಹತ್ತು ಹತ್ತು ನಿಮಿಷ ಕೇಳಿ ನೋಡಬೇಕು. ಎಷ್ಟು ಹೊತ್ತಿನ ಮೇಲೆ ಕಿವಿ ಕೇಳುವುದನ್ನು ನಿಲ್ಲಿಸಿತು ಎಂಬುದೇ ಇಲ್ಲಿನ ಪರೀಕ್ಷೆ.

ಸಮಾರೋಪ

ಒಟ್ಟಿನಲ್ಲಿ, ವಿದ್ಯುನ್ಮಾನ ತಂಬೂರಿಯು ತಂಬೂರಿಯ ಶತ್ರುವೂ ಅಲ್ಲ, ಸಮಾನವೂ ಅಲ್ಲ. ಅದು ಸ್ವತಂತ್ರ ಚರಿತ್ರೆಯುಳ್ಳ ವಾದ್ಯ. ಬಳಕೆ ತಪ್ಪಿದ ಮೊದಲ ತಲೆಮಾರಿನ ಯಂತ್ರಗಳು ಗುಜರಿಗೆ ಸೇರುವ ಮುನ್ನ ಅವುಗಳನ್ನು ಅವುಗಳ ನಾದದೊಡನೆ ಸಂಗ್ರಹಿಸುವುದು, ಹಳೆಯ ತಂಬೂರಿಗಳ ನಾದವನ್ನು ಅವುಗಳ ಪಕ್ಕದಲ್ಲಿ ಧ್ವನಿಮುದ್ರಿಸಿಡುವುದು, ಶ್ರುತಿ ಮಾಡುವ ವಿದ್ಯೆಯನ್ನು ಬಲ್ಲ ಹಿರಿಯರ ವಿವರಣೆಗಳನ್ನು ದಾಖಲಿಸುವುದು – ಈ ಮೂರೂ ಕೆಲಸಗಳು ತುರ್ತಾಗಿ ಆಗಬೇಕಾಗಿವೆ. ಮೇಖ್ರಿ ವೃತ್ತದ ಬಳಿ ನಾದದ ವಿಜ್ಞಾನವನ್ನು ಬಲ್ಲವರ ಪರಂಪರೆಯಿದೆ. ಯಲಹಂಕದ ಸೃಷ್ಟಿ ಸಂಸ್ಥೆಯಲ್ಲಿ ಕಲೆ ಮತ್ತು ತಂತ್ರಜ್ಞಾನಗಳನ್ನು ಒಟ್ಟಿಗೆ ಕಲಿಸುವ ವ್ಯವಸ್ಥೆಯಿದೆ. ಸಂಗೀತ ವಿದ್ವಾಂಸರು ಇವರೊಡನೆ ಕೈಜೋಡಿಸಿದರೆ ಉತ್ತರ ಬೆಂಗಳೂರಿನ ಹತ್ತು ಕಿಲೋಮೀಟರಿನೊಳಗೇ ಈ ಕಾರ್ಯ ಸಾಧ್ಯ. ಪಾಠಶಾಲೆಗಳು ಯಂತ್ರವನ್ನು ಇಟ್ಟುಕೊಂಡೇ ವಾರಕ್ಕೊಂದು ದಿನ ವಿದ್ಯಾರ್ಥಿಯ ಕೈಗೆ ತಂಬೂರಿ ಕೊಟ್ಟರೆ, ಯಂತ್ರದಿಂದ ದೊರೆತ ಅನುಕೂಲವೂ ಉಳಿಯುತ್ತದೆ, ಕಿವಿಯ ವಿದ್ಯೆಯೂ ಉಳಿಯುತ್ತದೆ.