ರೋಮಕ ರಾಜ್ಯದ ಆಟಕ್ಕೊಂದು ವಾರ್ತಿಕ

ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿದವರಿಗೆ ವಾರ್ತಿಕವೆಂದರೇನೆಂಬುದು ವಿದಿತವೇ ಇದೆ. ಸೂತ್ರಕಾರನು ಹೇಳಿದುದು, ಹೇಳದೆ ಬಿಟ್ಟುದು, ತಪ್ಪಾಗಿ ಹೇಳಿದುದು, ಈ ಮೂರನ್ನೂ ವಿಚಾರಿಸುವ ಗ್ರಂಥವೇ ವಾರ್ತಿಕ. ಪಾಣಿನಿಗೆ ಕಾತ್ಯಾಯನನು ಮಾಡಿದ ಉಪಕಾರವು ಇಂಥದು. ಅವನು ಅಷ್ಟಾಧ್ಯಾಯಿಯನ್ನು ಬದಿಗೊತ್ತಲಿಲ್ಲ. ಅದರೊಳಗೇ ನಿಂತು ತಿದ್ದಿದನು. ಇಂಥದೇ ಕಾರ್ಯವನ್ನು ಹುಡುಗರ ಆಟವೊಂದರಲ್ಲಿ ಕಂಡೆನೆಂದರೆ ವಾಚಕರು ನಗಬಹುದು. ಆದರೂ ಕಂಡುದನ್ನು ನಿವೇದಿಸುವೆನು.

ಕಳೆದ ಬೇಸಿಗೆಯಲ್ಲಿ ಕಳ್ಳಕವಟಗಿಗೆ ಬಂದಿದ್ದ ಮೊಮ್ಮಗನು ತನ್ನ ಗಣಕಯಂತ್ರದಲ್ಲಿ 'ರೋಮ್: ಟೋಟಲ್ ವಾರ್' ಎಂಬ ಆಟವನ್ನು ತೋರಿಸಿದನು. ಇದು 2004ರಲ್ಲಿ ಇಂಗ್ಲೆಂಡಿನವರು ರಚಿಸಿದುದು. ಆಡುವವನು ಪಟ್ಟಣಗಳನ್ನು ಕಟ್ಟಿ, ಸೈನ್ಯವನ್ನು ಕೂಡಿಸಿ, ಕ್ರಿಸ್ತಪೂರ್ವ 270ರಿಂದ ಮುಂದಕ್ಕೆ ರೋಮಕರ ಇತಿಹಾಸವನ್ನು ತಾನೇ ನಡೆಸಬೇಕು. ರೋಮಕರ ಗೊಡವೆ ನಮಗೇಕೆಂದು ಕೇಳುವವರು ಚಿತ್ರದುರ್ಗದ ಚಂದ್ರವಳ್ಳಿಯನ್ನು ಸ್ಮರಿಸಬೇಕು. ಆಗಸ್ಟಸ್, ತಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಅಲ್ಲಿಯ ಮಣ್ಣಿನಲ್ಲಿ ದೊರೆತಿವೆ.

ಆಟವು ನೋಡಲು ಮನೋಹರವಾಗಿದೆ; ಆದರೆ ದುರುಕ್ತಿಗಳಿಂದ ತುಂಬಿದೆ. ಆ ಕಾಲದ ಈಜಿಪ್ತವನ್ನು ಆಳುತ್ತಿದ್ದವರು ಗ್ರೀಕರಾದ ತಾಲೆಮಿ ವಂಶದವರು. ಆಟದಲ್ಲಾದರೋ ಅವರ ಸೈನಿಕರು ಸಾವಿರ ವರ್ಷಗಳ ಹಿಂದಿನ ಫೇರೋಗಳ ಕಾಲದ ವೇಷದಲ್ಲಿ ಬರುತ್ತಾರೆ. ರೋಮನ್ನು ಜೂಲಿ, ಬ್ರೂಟಿ, ಸಿಪಿಯಿ ಎಂಬ ಮೂರು ಮನೆತನಗಳಿಗೆ ಹಂಚಿಕೊಟ್ಟು, ಸೆನೇಟನ್ನು ಬೇರೆಯೇ ಒಂದು ಪಕ್ಷವನ್ನಾಗಿ ನಿಲ್ಲಿಸಿದ್ದಾರೆ. ಸಿಪಿಯೋ ಎಂಬುದು ಕಾರ್ನೇಲಿಯ ಕುಲದ ಒಂದು ಶಾಖೆ. ಬ್ರೂಟಸ್ ಎಂಬುದು ಜೂನಿಯ ಕುಲದವರ ಉಪನಾಮ. ಶಾಖೆಯನ್ನೇ ಗೋತ್ರವೆಂದು ಬರೆದರೆ ನಮ್ಮ ಊರ ಜೋಯಿಸರು ಸುಮ್ಮನಿರುವರೇ?

ಸುಮ್ಮನಿರದ ಕೆಲವರು ಅಲ್ಲಿಯೂ ಇದ್ದರು. ಮೂಲ ಆಟದ ಕಡತಗಳನ್ನು ತೆರೆದು ತಿದ್ದುವ ಪದ್ಧತಿಗೆ 'ಮಾಡ್' ಎಂದು ಹೆಸರು. ಹಲವು ದೇಶಗಳ ಇತಿಹಾಸಾಸಕ್ತರು ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿದು 'ಯೂರೋಪಾ ಬಾರ್ಬರೋರಮ್' ಎಂಬ ತಿದ್ದುಪಡಿಯನ್ನು ಸಿದ್ಧಪಡಿಸಿದರು. ಇದರಲ್ಲಿ ರೋಮ್ ಒಂದೇ ರಾಜ್ಯ, ಈಜಿಪ್ತದವರು ಗ್ರೀಕರು, ರೋಮಕ ಸೈನಿಕರ ಮಾತು ಲ್ಯಾಟಿನ್. ಇದು ದುರುಕ್ತದ ಪರಿಹಾರ.

ಅನುಕ್ತವನ್ನು ಪೂರೈಸಿದ ರೀತಿಯು ಇದಕ್ಕಿಂತಲೂ ಶ್ಲಾಘ್ಯವಾದುದು. ರೋಮಕ ಕುಲೀನನು ಕ್ವೇಸ್ಟರ್, ಈಡೈಲ್, ಪ್ರೀಟರ್, ಕಾನ್ಸಲ್ ಎಂಬ ಅಧಿಕಾರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದನು. ಈ ಕ್ರಮವನ್ನು ಪ್ರತಿಯೊಬ್ಬ ಪಾತ್ರದ ಜೀವನದಲ್ಲಿ ಹೊಂದಿಸಿದ್ದಾರೆ. ಗೆದ್ದ ಸೀಮೆಯು ಕೂಡಲೇ ರೋಮಕವಾಗುವುದಿಲ್ಲ. ತಾನೇ ಆಳುವುದರಿಂದ ಹಿಡಿದು ಸ್ಥಳೀಯ ಅರಸನನ್ನು ಮಿತ್ರನನ್ನಾಗಿ ಉಳಿಸಿಕೊಳ್ಳುವವರೆಗೆ ನಾಲ್ಕು ಬಗೆಯ ಆಡಳಿತಗಳುಂಟು. ಯಾವುದನ್ನು ಆರಿಸಿದನೋ ಅದಕ್ಕೆ ತಕ್ಕ ಸೈನಿಕರೇ ಅಲ್ಲಿ ದೊರೆಯುವರು. ಖಡ್ಗದಿಂದ ಪಡೆದುದನ್ನು ಖಡ್ಗವೊಂದರಿಂದಲೇ ಉಳಿಸಿಕೊಳ್ಳಲಾಗದೆಂಬ ರಾಜನೀತಿಯನ್ನು ಹುಡುಗನು ಆಡುತ್ತಲೇ ಕಲಿಯುತ್ತಾನೆ. ನಾನು ತರಗತಿಯಲ್ಲಿ ಇದನ್ನು ಇಷ್ಟು ಚೆನ್ನಾಗಿ ಕಲಿಸಿದೆನೆಂದು ಹೇಳಲಾರೆ.

ದೋಷವಿಲ್ಲವೆಂದಲ್ಲ. ಸೀಮೆಗಳ ಸಂಖ್ಯೆಗೂ ಪಕ್ಷಗಳ ಸಂಖ್ಯೆಗೂ ಮೂಲಯಂತ್ರವು ಹಾಕಿದ ಮಿತಿಯನ್ನು ಇವರು ಮೀರಲಾಗಲಿಲ್ಲ. ಗೆಲುವೆಂದರೆ ಇಲ್ಲಿಯೂ ನೆಲದ ಗೆಲುವೇ. ಸಿಸೆರೋ ತನ್ನ ವಾಕ್ಯದಿಂದ ಸಭೆಯನ್ನು ತಿರುಗಿಸಿದುದಕ್ಕೆ ಈ ಯಂತ್ರದಲ್ಲಿ ಸ್ಥಳವಿಲ್ಲ. ವಾರ್ತಿಕಕಾರನು ಎಷ್ಟು ಪಂಡಿತನಾದರೂ ಸೂತ್ರದ ಚೌಕಟ್ಟಿಗೆ ಬದ್ಧನು.

ಈ ಚೌಕಟ್ಟಿನ ಬಿಸಿಯು ನಮಗೇ ತಟ್ಟುವ ಒಂದು ಸ್ಥಳವುಂಟು. 2013ರಲ್ಲಿ ಸ್ವೀಡನ್ ದೇಶದಿಂದ ಬಂದ 'ಯೂರೋಪಾ ಯೂನಿವರ್ಸಾಲಿಸ್ 4' ಎಂಬ ಆಟವು 1444ರಿಂದ ಪ್ರಾರಂಭವಾಗುತ್ತದೆ. ಅದರಲ್ಲಿ ವಿಜಯನಗರವಿದೆ, ಬಹಮನಿ ರಾಜ್ಯವಿದೆ, ವಿಜಾಪುರದ ಹೆಸರೂ ಇದೆ. ಇದನ್ನು ಕಂಡು ಮೊದಲು ಹರ್ಷವಾಯಿತು. ಆಮೇಲೆ ತಿಳಿದುಬಂದುದೇನೆಂದರೆ, ಅಲ್ಲಿ ಒಂದು ಸೀಮೆಗೆ ಒಂದೇ ಸಂಸ್ಕೃತಿ, ಒಂದೇ ಮತ.

ಎರಡನೆಯ ಇಬ್ರಾಹಿಂ ಆದಿಲಶಾಹನು (1580–1627) ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ರಚಿಸಿ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. 1599ರಲ್ಲಿ ಅವನು ನವರಸಪುರವನ್ನು ಕಟ್ಟಲಾರಂಭಿಸಿದುದು ತೊರವಿಯ ಹತ್ತಿರ. ಅದೇ ತೊರವಿಯ ನರಸಿಂಹನ ಸನ್ನಿಧಿಯಲ್ಲಿ ಕುಮಾರವಾಲ್ಮೀಕಿಯು ಕನ್ನಡ ರಾಮಾಯಣವನ್ನು ರಚಿಸಿದನು. ಫಾರಸಿ, ದಖನಿ, ಮರಾಠಿ, ಕನ್ನಡ ನಾಲ್ಕೂ ಉಸಿರಾಡಿದ ಈ ನೆಲವನ್ನು ಒಂದೇ ಪದದಲ್ಲಿ ಬರೆಯುವುದು ಫೇರೋನ ವೇಷಕ್ಕಿಂತ ದೊಡ್ಡ ದುರುಕ್ತಿ. ಯಾಕೆಂದರೆ ವೇಷವು ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ. ಆಡುವ ಬಾಲಕನು ಇದನ್ನೇ ತನ್ನ ಜಿಲ್ಲೆಯ ಚರಿತ್ರೆಯೆಂದು ನಂಬುವನು.

ದೂರುವುದರಿಂದ ಫಲವಿಲ್ಲ. ರೋಮಿಗೆ ವಾರ್ತಿಕ ಬರೆದವರು ಲ್ಯಾಟಿನ್ ಬಲ್ಲವರನ್ನು ಜೊತೆಗೆ ಕೂಡಿಸಿಕೊಂಡರು. ನಮ್ಮ ತರುಣರಲ್ಲಿ ಯಂತ್ರಜ್ಞಾನವಿದೆ, ಹಿರಿಯರಲ್ಲಿ ಶಾಸನಕಾವ್ಯಗಳ ಪರಿಚಯವಿದೆ. ಇವರಿಬ್ಬರೂ ಒಂದೇ ಜಗಲಿಯಲ್ಲಿ ಕೂಡ್ರಬೇಕು.

ಮೊಮ್ಮಗನು ಒಂದು ಸಂಜೆ ವಿಜಾಪುರ ಸೀಮೆಯ ಕಡತವನ್ನು ತೆರೆದು, "ಅಜ್ಜಾ, ಇಲ್ಲಿಗೆ ಯಾವ ಸಂಸ್ಕೃತಿ ಬರೆಯಲಿ?" ಎಂದು ಕೇಳಿದನು. ಮರಾಠಿಯ ಗಡಿಗೆ ಹತ್ತಿರದ ನಮ್ಮ ಊರಿನ ಕಟ್ಟೆಯ ಮೇಲೆ ಕುಳಿತು ನಾನೇನು ಹೇಳಲಿ? ಎರಡು ಬರೆಯಲು ಬರುವುದೇ ಎಂದೆನು. ಸ್ಥಳವಿರುವುದು ಒಂದಕ್ಕೇ ಎಂದನು. ನಮ್ಮ ವಾರ್ತಿಕದ ಮೊದಲನೆಯ ವಾಕ್ಯವು ಅಲ್ಲಿಯೇ ಬರೆಯಲ್ಪಡಬೇಕು.