ಪ್ರಗತಿ ಪತ್ರ: ಅಂಕ ಹೋದರೆ ಸಾಕೆ?

ಗಣಿತದಲ್ಲಿ ತಲಾ 60 ಅಂಕ ಪಡೆದ ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ ಭಿನ್ನರಾಶಿ ಬಾರದು, ಇನ್ನೊಬ್ಬನಿಗೆ ಭಾಗಾಕಾರ ಬಾರದು. ಪ್ರಗತಿ ಪತ್ರದಲ್ಲಿ ಇಬ್ಬರೂ ಒಂದೇ! ಉದ್ದ, ತೂಕ, ಉಷ್ಣತೆಗಳನ್ನು ಕೂಡಿಸಿ ಒಂದೇ ಸಂಖ್ಯೆ ಹೇಳಿದರೆ ವಿಜ್ಞಾನ ವಿದ್ಯಾರ್ಥಿಗಳು ಒಪ್ಪುವರೆ?

ಇದಕ್ಕೆ ಪರಿಹಾರವೆಂದರೆ ಒಂದೊಂದು ಕಲಿಕಾ ಫಲವನ್ನೂ ಪ್ರತ್ಯೇಕವಾಗಿ ದಾಖಲಿಸುವ ಪ್ರಗತಿ ಪತ್ರ. 2009ರ ಶಿಕ್ಷಣ ಹಕ್ಕು ಕಾಯಿದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. 2017ರಲ್ಲಿ ಎನ್‌ಸಿಇಆರ್‌ಟಿ 1ರಿಂದ 8ನೆಯ ತರಗತಿಯವರೆಗಿನ ಕಲಿಕಾ ಫಲಗಳನ್ನು ಪಟ್ಟಿ ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಗ್ರ ಪ್ರಗತಿ ಪತ್ರವನ್ನು ಸೂಚಿಸಿತು.

ದಿಕ್ಕು ಸರಿಯೇ. ಆದರೆ ಪಟ್ಟಿ ಇದ್ದ ಮಾತ್ರಕ್ಕೆ ಅಳತೆಯಾಗದು. ‘ಭಿನ್ನರಾಶಿ ತಿಳಿದಿದೆ’ ಎನ್ನಲು ರೊಟ್ಟಿಯ ಕಾಲು ಭಾಗ ತೋರಿಸಿದರೆ ಸಾಕೆ, 12 ಗೋಲಿಗಳ ಕಾಲು ಭಾಗ ಎಷ್ಟೆಂದೂ ಹೇಳಬೇಕೆ? ಇದನ್ನು ಮೊದಲೇ ನಿಗದಿಪಡಿಸದಿದ್ದರೆ ಒಬ್ಬ ಶಿಕ್ಷಕರು ‘ಸಾಧಿಸಿದೆ’ ಎಂದದ್ದನ್ನು ಮತ್ತೊಬ್ಬರು ‘ಸಾಧಿಸಬೇಕಿದೆ’ ಎನ್ನುತ್ತಾರೆ. ಪರೀಕ್ಷೆಯ ಅಂಕವನ್ನೇ ಎಲ್ಲ ಸಾಲುಗಳಿಗೂ ಹಂಚಿಬಿಟ್ಟರಂತೂ ಹೆಸರು ಮಾತ್ರ ಹೊಸದು.

ಆದುದರಿಂದ ಪತ್ರದಲ್ಲಿ ಮುಖ್ಯವಾದ ಕೆಲವೇ ಫಲಗಳಿರಲಿ. ಪ್ರತಿಯೊಂದಕ್ಕೂ ಮಾದರಿ ಪ್ರಶ್ನೆಗಳಿರಲಿ. ಅವೇ ಉತ್ತರಗಳನ್ನು ಇಬ್ಬರು ಶಿಕ್ಷಕರು ಬೇರೆ ಬೇರೆಯಾಗಿ ಪರಿಶೀಲಿಸಿ ತಾಳೆ ನೋಡಲಿ. ಆಗ ಮಗುವಿಗೆ ಮುಂದೇನು ಕಲಿಸಬೇಕೆಂಬುದನ್ನು ಪ್ರಗತಿ ಪತ್ರವೇ ತಿಳಿಸುತ್ತದೆ.