ಬಾರದ ಹಾಲಿನ ಲೆಕ್ಕ

ಮುಖ್ಯಸ್ಥನ ಮೇಜಿಗೆ ಯಾವ ಮಾಹಿತಿ ಬರಬೇಕು ಎಂಬ ಚರ್ಚೆಯಲ್ಲಿ ಎಂಐಟಿಯ ಜಾನ್ ರಾಕಾರ್ಟ್ 1979ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂಗೆ ಬರೆದ ಲೇಖನವನ್ನು ದಾಟಿ ಹೋಗುವಂತಿಲ್ಲ. ಬಿಲ್ಲು, ಸಂಬಳದ ಲೆಕ್ಕ ಮಾಡುವಾಗ ಕಂಪ್ಯೂಟರಿನಲ್ಲಿ ಉಳಿದ ಅಂಕಿಗಳನ್ನೇ ಕಟ್ಟಿ ಮೇಲಕ್ಕೆ ಕಳಿಸುವ ರೂಢಿಯನ್ನು ಅವರು ನೇರವಾಗಿ ಟೀಕಿಸಿದರು. ಯಾವ ವರದಿ ಬೇಕೆಂದು ಕೇಳುವ ಬದಲು, ಯಾವ ನಾಲ್ಕಾರು ಕೆಲಸ ಕೆಟ್ಟರೆ ಸಂಸ್ಥೆಯೇ ಕೆಡುತ್ತದೆಂದು ಮುಖ್ಯಸ್ಥನನ್ನು ಕೇಳಬೇಕು ಎಂಬುದು ಅವರ ವಿಧಾನ. ಮೋಟಾರು ಉದ್ಯಮಕ್ಕೆ ಅವರು ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ನಾಲ್ಕೇ: ವಿನ್ಯಾಸ, ಒಳ್ಳೆಯ ಡೀಲರುಗಳು, ವೆಚ್ಚದ ಮೇಲೆ ಹಿಡಿತ, ಇಂಧನ ನಿಯಮಗಳ ಪಾಲನೆ. ಈ ಬಿಗಿ ನನಗೆ ತುಂಬ ಮೆಚ್ಚುಗೆಯಾಗುತ್ತದೆ.

ಪುಣೆಯ ಕಾತ್ರಜದಲ್ಲಿರುವ ಜಿಲ್ಲಾ ಸಹಕಾರಿ ಹಾಲು ಒಕ್ಕೂಟದಂಥ ಸಂಸ್ಥೆಗೆ ಈ ವಿಧಾನವನ್ನು ಒಡ್ಡಿ ನೋಡೋಣ. ಹಳ್ಳಿಯ ಸಂಘ, ಶೀತಲೀಕರಣ, ಟ್ಯಾಂಕರು, ಡೈರಿ: ಮಂಡ್ಯ, ಹಾಸನಗಳ ಒಕ್ಕೂಟ ಬಲ್ಲವರಿಗೆ ಈ ದಾರಿ ಹೊಸದಲ್ಲ. ಮಹಾರಾಷ್ಟ್ರದಲ್ಲಿ ಹಸುವಿನ ಹಾಲಿನ ದರ ಹೇಳುವುದು ಶೇ. 3.5 ಜಿಡ್ಡು, ಶೇ. 8.5 ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ಇರುವ ಹಾಲಿಗೆ. ಕ್ಯಾನಿನಿಂದ ಸುರಿದ ಪ್ರತಿ ಲೀಟರನ್ನೂ ಯಂತ್ರ ಅಳೆಯುತ್ತದೆ, ದರ ಕಟ್ಟುತ್ತದೆ, ರೈತನ ಖಾತೆಗೆ ಬರೆಯುತ್ತದೆ. ಆದರೆ ಬೆಳಗಿನ ಹಾಲನ್ನು ಸಂಘಕ್ಕೂ ಸಂಜೆಯದನ್ನು ಖಾಸಗಿ ಡೈರಿಯ ಗಾಡಿಗೂ ಹಾಕುವ ರೈತ ಯಾವ ಪರದೆಯ ಮೇಲೂ ಕಾಣುವುದಿಲ್ಲ. ಅದೇ ಜಿಲ್ಲೆಯ ಮಂಚರ್‌ನಲ್ಲಿ ಪರಾಗ್‌ನಂಥ ದೊಡ್ಡ ಖಾಸಗಿ ಡೈರಿ ಇರುವಾಗ, ಒಕ್ಕೂಟದ ಮುಖ್ಯಸ್ಥರಿಗೆ ಮೊದಲು ಗೊತ್ತಾಗಬೇಕಾದದ್ದು ಬಾರದ ಹಾಲು. ಯಾರ ಮನೆಯದು, ಯಾವಾಗಿನಿಂದ, ಯಾಕೆ? ದರವೇ, ತಡವಾದ ಬಟವಾಡೆಯೇ, ಜಿಡ್ಡಿನ ಅಳತೆಯ ಮೇಲಿನ ಅಪನಂಬಿಕೆಯೇ?

ರಾಕಾರ್ಟ್ ಇದಕ್ಕೆ ಪೂರ್ತಿ ಕುರುಡರಲ್ಲ. ಬೇಕಾದ ಮಾಹಿತಿಯಲ್ಲಿ ಎಷ್ಟೋ ಭಾಗ ಸಂಸ್ಥೆಯ ಹೊರಗಿದೆ, ಕೆಲವು ಅಂಕಿಗೆ ಸಿಗದ ಅಭಿಪ್ರಾಯಗಳು ಎಂದು ಅವರೇ ಒಪ್ಪುತ್ತಾರೆ. ಕೊರತೆ ಇರುವುದು ಕೇಳುವ ಜಾಗದಲ್ಲಿ. ಅವರ ಸಂದರ್ಶನ ಮೇಲಿನವರಿಂದಲೇ ಶುರುವಾಗಿ ಮೇಲಿನವರಲ್ಲೇ ಮುಗಿಯುತ್ತದೆ. ಅಧಿಕಾರಿ ಬಯಸಿದ್ದೇ ಅವನಿಗೆ ಬೇಕಾದದ್ದು ಎಂಬ ನಂಬಿಕೆಯನ್ನು ನಿರ್ವಹಣಾ ಚಿಂತಕ ರಸೆಲ್ ಆಕಾಫ್ 1967ರಲ್ಲೇ ಪ್ರಶ್ನಿಸಿದ್ದರು. ಆ ಎಚ್ಚರಿಕೆಗೆ ರಾಕಾರ್ಟರಲ್ಲಿ ಸಮಾಧಾನಕರ ಉತ್ತರವಿಲ್ಲ. ತನ್ನ ಕಣ್ಣಿಗೆ ಬೀಳದ ರೈತನ ಬಗ್ಗೆ ವರದಿ ಬೇಕೆಂದು ಯಾವ ವ್ಯವಸ್ಥಾಪಕ ನಿರ್ದೇಶಕ ಕೇಳಿಯಾನು?

ಹೊಸ ಸಾಫ್ಟ್‌ವೇರಿಗೆ ಟೆಂಡರ್ ಕರೆಯಲು ಹೊರಟ ಒಕ್ಕೂಟಗಳು ರಾಕಾರ್ಟರ ಪ್ರಶ್ನೆಯನ್ನು ಖಂಡಿತ ಬಳಸಲಿ. ಆದರೆ ಅದನ್ನು ಮೊದಲು ಹಳ್ಳಿ ಸಂಘದ ಕಾರ್ಯದರ್ಶಿಗೂ ಹಾಲು ಹಾಕುವುದನ್ನು ನಿಲ್ಲಿಸಿದ ರೈತರಿಗೂ ಕೇಳಿ, ಆಮೇಲೆ ಮುಖ್ಯಸ್ಥರ ಕೋಣೆಗೆ ಒಯ್ಯಲಿ.